ಜನರ ಬಾವುಟ, ಸರ್ಕಾರದ ಬಾವುಟ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಮಲೆನಾಡಿಗೆ ಬಾವುಟಗಳು ಹೊಸವಲ್ಲ. ಶೃಂಗೇರಿ ಶಾರದಾಪೀಠದ ಉತ್ಸವ ಹೊರಟರೆ ಅಡ್ಡಪಲ್ಲಕ್ಕಿ, ಬೆಳ್ಗೊಡೆ, ಚಾಮರ, ಹಗಲು ದೀವಟಿಗೆಗಳ ಜೊತೆ ಧ್ವಜಪತಾಕೆಗಳೂ ಸಾಗುತ್ತವೆ. ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿರುವ ರಂಭಾಪುರಿ ಪೀಠದ್ದು ಹಸಿರು ಧ್ವಜ. ವೀರಶೈವ ಪಂಚಪೀಠಗಳಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣವಿದೆ. ನರಸಿಂಹರಾಜಪುರದ ಸಿಂಹನಗದ್ದೆ ಜ್ವಾಲಾಮಾಲಿನಿ ಬಸ್ತಿ ಜೈನರ ಕ್ಷೇತ್ರ. ಜೈನರ ಐದು ಬಣ್ಣದ ಧ್ವಜವನ್ನು ಎಲ್ಲ ಪಂಥಗಳೂ ಒಪ್ಪಿಕೊಂಡದ್ದು ಮಹಾವೀರರ 2500ನೇ ನಿರ್ವಾಣ ಮಹೋತ್ಸವದ ಹೊತ್ತಿನಲ್ಲಿ, 1974ರಲ್ಲಿ. ಆಗಸ್ಟ್ 15ರಂದು ಸುರಿಯುವ ಮಳೆಯಲ್ಲೇ ಶಾಲೆಗಳ ಅಂಗಳದಲ್ಲಿ ತ್ರಿವರ್ಣ ಏರುತ್ತದೆ. ಮಳೆ ಬಿಟ್ಟು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ, ನವೆಂಬರ್ 1ಕ್ಕೆ, ಆಟೊ ನಿಲ್ದಾಣದಿಂದ ತಾಲ್ಲೂಕು ಕಚೇರಿಯ ಮೈದಾನದವರೆಗೆ ಹಳದಿ-ಕೆಂಪು ಬಾವುಟ ಕಾಣಿಸಿಕೊಳ್ಳುತ್ತದೆ.

ಮಠದ ಧ್ವಜಕ್ಕೆ ಮಠದ ಪರಂಪರೆಯ ಆಧಾರವಿದೆ, ತ್ರಿವರ್ಣಕ್ಕೆ ಸಂವಿಧಾನ ಸಭೆಯ ನಿರ್ಣಯದ ಆಧಾರವಿದೆ. ಹಳದಿ-ಕೆಂಪಿಗೆ ಇರುವುದು ಜನ ಅದನ್ನು ಎತ್ತಿ ಹಿಡಿದಿರುವುದೊಂದೇ ಆಧಾರ. ಕರ್ನಾಟಕಕ್ಕೆ ಅಧಿಕೃತ ಲಾಂಛನವಿದೆ, ನಾಡಗೀತೆಯಿದೆ. ಆನೆ ರಾಜ್ಯದ ಪ್ರಾಣಿ, ನೀಲಕಂಠ ರಾಜ್ಯದ ಪಕ್ಷಿ, ಶ್ರೀಗಂಧ ರಾಜ್ಯದ ಮರ, ಕಮಲ ರಾಜ್ಯದ ಹೂವು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜನ ಹಾರಿಸಿದ ಬಾವುಟಕ್ಕೆ ಮಾತ್ರ ಯಾವ ಕಾನೂನಿನಲ್ಲೂ ಹೆಸರಿಲ್ಲ. 2018ರಲ್ಲಿ ರಾಜ್ಯ ಸರ್ಕಾರ ಒಂದು ನಾಡಧ್ವಜವನ್ನು ರೂಪಿಸಿ ಕೇಂದ್ರಕ್ಕೆ ಕಳಿಸಿತು. ಅಲ್ಲಿಂದ ಒಪ್ಪಿಗೆ ಬರಲಿಲ್ಲ.

ಈ ಚರ್ಚೆಯಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ರಾಜ್ಯವೊಂದಕ್ಕೆ ತನ್ನದೇ ಧ್ವಜ ಇರಬಹುದೇ ಎಂಬುದು ಒಂದು. ಇರುವುದಾದರೆ ಅದು ಯಾರ ಕೈಯಲ್ಲಿರಬೇಕು, ಜನರದೋ ಸರ್ಕಾರದ್ದೋ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ಬೇಕಾದಷ್ಟು ವಾದ ನಡೆದಿದೆ. ಎರಡನೆಯದನ್ನು ಕೇಳಿದವರು ಕಡಿಮೆ. ಬಾವುಟದ ಮುಂದಿನ ಹಾದಿ ನಿರ್ಧಾರವಾಗುವುದು ಮಾತ್ರ ಈ ಎರಡನೆಯ ಪ್ರಶ್ನೆಯಿಂದಲೇ.

ಅರಸರ ಕಾಲದ ಧ್ವಜಗಳು

ಕನ್ನಡ ನಾಡಿನ ಶಾಸನಗಳಲ್ಲಿ ಅರಸನ ಬಿರುದುಗಳ ಸಾಲಿನಲ್ಲಿ ಧ್ವಜ ಮತ್ತು ಲಾಂಛನ ಜೊತೆಜೊತೆಯಾಗಿ ಬರುತ್ತವೆ. ಎರಡೂ ಬೇರೆ ಬೇರೆ ವಸ್ತುಗಳು. ಲಾಂಛನ ಮುದ್ರೆಗೆ, ತಾಮ್ರಪಟಕ್ಕೆ, ನಾಣ್ಯಕ್ಕೆ. ಧ್ವಜ ದಂಡಿಗೆ, ರಥಕ್ಕೆ, ಮೆರವಣಿಗೆಗೆ. ಕದಂಬರದು ಸಿಂಹಲಾಂಛನ, ವಾನರಧ್ವಜ. ಗಂಗರದು ಮದಗಜ ಲಾಂಛನ, ನವಿಲುಗರಿಯ ಪಿಂಛಧ್ವಜ. ಬಾದಾಮಿ ಚಾಲುಕ್ಯರದು ವರಾಹ ಲಾಂಛನ, ರಾಷ್ಟ್ರಕೂಟರದು ಗರುಡ. ಮಲೆನಾಡಿಗೆ ಇನ್ನೂ ಹತ್ತಿರದವರು ಹೊಂಬುಜದ ಸಾಂತರರು. ಅವರ ಬಿರುದಾವಳಿಯಲ್ಲೂ ವಾನರಧ್ವಜವಿದೆ, ಸಿಂಹದ ಲಾಂಛನವಿದೆ. ಸಾಂತರರ ಮುಂದಿನ ಪೀಳಿಗೆಯೇ ಕಳಸ-ಕಾರ್ಕಳದ ಭೈರರಸರಾಗಿ ಶೃಂಗೇರಿಯ ದಕ್ಷಿಣಕ್ಕಿರುವ ಘಟ್ಟಸೀಮೆಯನ್ನು ಆಳಿತು.

ಧ್ವಜಗಳನ್ನು ಗೆದ್ದು ತರುವ ರೂಢಿಯೂ ಇತ್ತು. ಏಳನೇ ಶತಮಾನದ ಕೊನೆಯಲ್ಲಿ ಆಳಿದ ಚಾಲುಕ್ಯ ವಿನಯಾದಿತ್ಯನ ಉತ್ತರದ ದಂಡಯಾತ್ರೆಯ ಫಲವಾಗಿ ಗಂಗಾ-ಯಮುನೆಯರ ಚಿಹ್ನೆಗಳೊಂದಿಗೆ ಪಾಳಿಧ್ವಜವೂ ವಂಶಕ್ಕೆ ದಕ್ಕಿತೆಂದು ಶಾಸನಗಳು ಹೇಳುತ್ತವೆ. ಪಾಳಿಧ್ವಜ ಒಂದೇ ಬಾವುಟವಲ್ಲ, ಬಾವುಟಗಳ ಸಾಲು. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಅದರ ವಿವರವಿದೆ. ಹೂಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ಎತ್ತು, ಆನೆ, ಚಕ್ರ ಎಂಬ ಹತ್ತು ಗುರುತುಗಳು. ಒಂದು ದಿಕ್ಕಿಗೆ ಒಂದೊಂದು ಗುರುತಿನ 108 ಬಾವುಟಗಳಂತೆ 1080. ನಾಲ್ಕು ದಿಕ್ಕಿಗೆ 4320. ಒಂದು ಆಳ್ವಿಕೆಗೆ ಒಂದೇ ಧ್ವಜ ಎಂಬ ಕಲ್ಪನೆ ಅಂದಿನವರಿಗೆ ಇರಲಿಲ್ಲ. ಗುರುತುಗಳು ಹೆಚ್ಚಿದಷ್ಟೂ ವೈಭವ ಹೆಚ್ಚುತ್ತಿತ್ತು.

ಶೃಂಗೇರಿಯಲ್ಲಿ ಅರಸೊತ್ತಿಗೆಯ ಈ ಗುರುತುಗಳು ಮಠದ ಗೌರವಗಳಾಗಿ ಉಳಿದುಕೊಂಡವು. 1346ರಲ್ಲಿ ಒಂದನೇ ಹರಿಹರನೂ ಅವನ ಸೋದರರೂ ಶೃಂಗೇರಿಗೆ ಬಂದು ವಿಜಯೋತ್ಸವ ಆಚರಿಸಿ ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ದತ್ತಿ ಬಿಟ್ಟ ಶಾಸನವಿದೆ. ಜಗದ್ಗುರುಗಳ ಬಿರುದಾವಳಿಯಲ್ಲಿ ಇಂದಿಗೂ ಓದುವ ‘ಕರ್ನಾಟಕ ಸಿಂಹಾಸನ ಪ್ರತಿಷ್ಠಾಪನಾಚಾರ್ಯ’ ಎಂಬ ಮಾತು ಆ ವಿಜಯನಗರದ ನೆನಪನ್ನೇ ಹೊತ್ತಿದೆ. ಛತ್ರ, ಚಾಮರ, ಪತಾಕೆಗಳೆಲ್ಲ ಆ ಕಾಲದ ರಾಜಮರ್ಯಾದೆಯ ಭಾಗಗಳು.

ಗಂಡಭೇರುಂಡದ ಮಲೆನಾಡ ನಂಟು

ಇಂದಿನ ರಾಜ್ಯ ಲಾಂಛನದ ನಡುವೆ ಇರುವ ಗಂಡಭೇರುಂಡವನ್ನು ಮೈಸೂರು ಅರಮನೆಯೊಂದಿಗೆ ಜೋಡಿಸುವುದು ರೂಢಿ. ಆದರೆ ಎರಡು ತಲೆಯ ಈ ಹಕ್ಕಿ ಮಲೆನಾಡಿನ ಸೆರಗಿನಲ್ಲಿ ಅದಕ್ಕೂ ಮೊದಲೇ ನೆಲೆಸಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬದ ತುದಿಯಲ್ಲಿ ಮನುಷ್ಯನ ಮೈ, ಎರಡು ಹಕ್ಕಿತಲೆಗಳಿರುವ ಭೇರುಂಡೇಶ್ವರ ಇದ್ದಾನೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಪ್ರಾಣಿಯನ್ನು ಇನ್ನೊಂದು ಹಿಡಿದಿರುವ ಸರಪಳಿಯಂಥ ಕೆತ್ತನೆಯಲ್ಲಿ ಆನೆ, ಸಿಂಹ, ಶರಭಗಳನ್ನೂ ಮೀರಿದ್ದು ಗಂಡಭೇರುಂಡ. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೂ ಅದು ಬಂತು.

ಕೊಪ್ಪ-ಶೃಂಗೇರಿ ಸೀಮೆಗೆ ಇನ್ನೂ ಹತ್ತಿರದ ಸಾಕ್ಷಿ ಕೆಳದಿಯಲ್ಲಿದೆ. 1499ರಿಂದ 1763ರವರೆಗೆ, ಹೈದರಾಲಿ ಬಿದನೂರನ್ನು ಗೆಲ್ಲುವ ತನಕ, ಮಲೆನಾಡನ್ನು ಆಳಿದ ಕೆಳದಿ ನಾಯಕರ ರಾಜಚಿಹ್ನೆ ಗಂಡಭೇರುಂಡ. ಕೆಳದಿಯ ವೀರಭದ್ರ ದೇವಾಲಯದ ಒಳಛಾವಣಿಯಲ್ಲಿ ಅದರ ದೊಡ್ಡ ಕೆತ್ತನೆಯಿದೆ. ಶೃಂಗೇರಿ ಮಠಕ್ಕೂ ಕೆಳದಿ ಅರಸರಿಗೂ ನಿಕಟ ಸಂಬಂಧವಿತ್ತು. ಹೀಗಾಗಿ ಮೈಸೂರಿನ ಲಾಂಛನ ಈ ತಾಲ್ಲೂಕುಗಳಿಗೆ ಹೊರಗಿನಿಂದ ಬಂದ ಹೇರಿಕೆ ಎನಿಸಲಿಲ್ಲ. ಒಡೆಯರ ಆಳ್ವಿಕೆಯೂ ಊರುಗಳ ಮೇಲೆ ತನ್ನ ಗುರುತು ಬಿಟ್ಟಿತು. ಎಡೇಹಳ್ಳಿ ಎಂಬ ಊರು 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ ನರಸಿಂಹರಾಜಪುರವಾಯಿತು.

ಎರಡು ಧ್ವಜಗಳ ಒಪ್ಪಂದ

ಸಂಸ್ಥಾನದ ಧ್ವಜವೂ ರಾಷ್ಟ್ರದ ಧ್ವಜವೂ ಒಟ್ಟಿಗೆ ಹಾರಬಹುದೇ ಎಂಬ ಪ್ರಶ್ನೆ ಕನ್ನಡ ನಾಡಿನಲ್ಲಿ ಒಮ್ಮೆ ರಕ್ತ ಚೆಲ್ಲಿಸಿದೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಟಿ. ಸಿದ್ಧಲಿಂಗಯ್ಯ ಅಧ್ಯಕ್ಷರು. ಕಾಂಗ್ರೆಸ್ ಧ್ವಜ ಹಾರಿಸಬಾರದೆಂಬ ಸಂಸ್ಥಾನ ಸರ್ಕಾರದ ನಿಷೇಧವನ್ನು ಸತ್ಯಾಗ್ರಹಿಗಳು ಮುರಿದರು, ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗೋಲಿಬಾರ್ ನಡೆದು ಹಲವರು ಪ್ರಾಣ ಬಿಟ್ಟರು.

ದೇಶವೆಲ್ಲ ಬೆಚ್ಚಿಬಿದ್ದ ಮೇಲೆ ವಲ್ಲಭಭಾಯ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ನಡೆದ ಮಾತುಕತೆ ಪಟೇಲ್-ಮಿರ್ಜಾ ಒಪ್ಪಂದದಲ್ಲಿ ಮುಗಿಯಿತು. ಸಮಾರಂಭಗಳಲ್ಲಿ ಕಾಂಗ್ರೆಸ್ ಧ್ವಜದ ಜೊತೆ ಮೈಸೂರು ಸಂಸ್ಥಾನದ ಧ್ವಜವನ್ನೂ ಹಾರಿಸುವುದು, ಪಕ್ಷದ ಸಭೆಗಳಲ್ಲಿ ಕಾಂಗ್ರೆಸ್ ಧ್ವಜವೊಂದನ್ನೇ ಹಾರಿಸಬಹುದು ಎಂಬುದು ಅದರ ತಿರುಳು. ಆಗ ಕಡೂರು ಜಿಲ್ಲೆಯಲ್ಲಿದ್ದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳೂ ಮೈಸೂರು ಸಂಸ್ಥಾನದ ಭಾಗಗಳೇ. ಮುಂದೆ ದೇಶವನ್ನು ಒಗ್ಗೂಡಿಸಿದ ಉಕ್ಕಿನ ಮನುಷ್ಯರೆಂದು ಹೆಸರಾದ ಪಟೇಲರೇ ಎರಡು ಧ್ವಜಗಳ ಸಹಬಾಳ್ವೆಗೆ ಒಪ್ಪಿದ್ದರು ಎಂಬುದು ಇಂದಿನ ಚರ್ಚೆಗೆ ದೊಡ್ಡ ಪಾಠ. ಈ ಚರ್ಚೆಯಲ್ಲಿ ಅದು ಬರಬೇಕಾದಷ್ಟು ಬಂದಿಲ್ಲ.

1942ರ ಸೆಪ್ಟೆಂಬರ್‌ನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿ ಊರಿನ ವೀರಭದ್ರ ದೇವಾಲಯದ ಮೇಲೆ ಧ್ವಜ ಏರಿಸಿತು. ತ್ರಿವರ್ಣಕ್ಕಾಗಿ ಮಲೆನಾಡು ತೆತ್ತ ಬೆಲೆ ಸಣ್ಣದಲ್ಲ. ತ್ರಿವರ್ಣದೊಂದಿಗೆ ಕರ್ನಾಟಕದ ನಂಟು ಸ್ವಾತಂತ್ರ್ಯದ ಮೇಲೂ ಕಡಿಯಲಿಲ್ಲ. 1957ರ ನವೆಂಬರ್ 1ರಂದು ಹುಬ್ಬಳ್ಳಿಯಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬೆಂಗೇರಿ ಘಟಕದಲ್ಲಿ ಹೊಲಿದ ಖಾದಿ ಧ್ವಜಗಳು ದೇಶದ ಉದ್ದಗಲಕ್ಕೆ ಹೋಗುತ್ತವೆ. 2021ರ ಕೊನೆಯಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ನೇಯ್ಗೆಗೂ ಅನುಮತಿ ಸಿಕ್ಕಾಗ ಆ ಸಂಘದ ನೇಕಾರರಿಗೆ ಬಿದ್ದ ಪೆಟ್ಟು ಕನ್ನಡಿಗರ ಮನೆಯದೇ ಸಂಕಟವಾಗಿತ್ತು. ಕನ್ನಡ ಬಾವುಟ ಕೇಳುವವರು ತ್ರಿವರ್ಣದಿಂದ ದೂರ ಸರಿಯುತ್ತಾರೆ ಎಂಬ ಅನುಮಾನಕ್ಕೆ ಈ ಇತಿಹಾಸದಲ್ಲಿ ಯಾವ ಆಧಾರವೂ ಸಿಗುವುದಿಲ್ಲ.

ಚಳವಳಿಯಿಂದ ಬಂದ ಬಣ್ಣಗಳು

1956ರ ನವೆಂಬರ್ 1ರಂದು ಕನ್ನಡ ಮಾತನಾಡುವ ಪ್ರದೇಶಗಳು ಒಂದಾದವು. ಅದರ ಹಿಂದಿನ ದಿನದವರೆಗೆ ಹಳೆಯ ಮೈಸೂರಿನ ಮುಖ್ಯಮಂತ್ರಿಯಾಗಿದ್ದವರು ಶೃಂಗೇರಿಯಿಂದ ತುಂಗೆ ಹರಿದುಹೋಗುವ ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪ. ರಾಜ್ಯ ಒಂದಾಯಿತು, ಹೆಸರು ಮೈಸೂರು ಎಂದೇ ಉಳಿಯಿತು. ಬಾವುಟ ಇರಲಿಲ್ಲ. 1960ರ ದಶಕದ ಬೆಂಗಳೂರಿನಲ್ಲಿ ಕನ್ನಡಕ್ಕೆ ಕೆಲಸದಲ್ಲೂ ಚಿತ್ರಮಂದಿರದಲ್ಲೂ ಜಾಗ ಕೇಳುವ ಹೋರಾಟ ಶುರುವಾದಾಗ ಮೆರವಣಿಗೆಯ ಮುಂದೆ ಹಿಡಿಯಲು ಒಂದು ಗುರುತು ಬೇಕಾಯಿತು.

ಅದನ್ನು ಕೊಟ್ಟವರು ಮ. ರಾಮಮೂರ್ತಿ. ನಂಜನಗೂಡಿನಲ್ಲಿ 1918ರಲ್ಲಿ ಹುಟ್ಟಿದ ಅವರು ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗ. ಪತ್ರಕರ್ತ, ಪತ್ತೇದಾರಿ ಕಾದಂಬರಿಗಳ ಜನಪ್ರಿಯ ಲೇಖಕ. ಕನ್ನಡ ಪಕ್ಷ ಎಂಬ ರಾಜಕೀಯ ಪಕ್ಷವನ್ನು ಕಟ್ಟಿದರು. ಅದಕ್ಕಾಗಿ ರೂಪಿಸಿದ ಹಳದಿ-ಕೆಂಪು ಬಾವುಟವೇ ಮುಂದೆ ಇಡೀ ನಾಡಿನದಾಯಿತು. ಅ.ನ. ಕೃಷ್ಣರಾಯರಂಥ ಹಿರಿಯರು ಆ ಹೋರಾಟದ ಜೊತೆಗಿದ್ದರು. 1967ರ ಡಿಸೆಂಬರ್ 25ರಂದು ಬೆಂಗಳೂರಿನ ಹೊರವಲಯದಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು ರಾಮಮೂರ್ತಿಯವರೂ ಅವರ ಇಬ್ಬರು ಗಂಡುಮಕ್ಕಳೂ ತೀರಿಕೊಂಡರು. ತಮ್ಮ ಬಾವುಟ ಹಳ್ಳಿಹಳ್ಳಿಗೆ ಹೋದದ್ದನ್ನು ನೋಡಲು ಅವರು ಉಳಿಯಲಿಲ್ಲ. ಚುನಾವಣೆಯಲ್ಲಿ ಅವರ ಪಕ್ಷ ಬೆಳೆಯಲಿಲ್ಲ. ಪಕ್ಷದ ನಂಟು ಕಳಚಿಕೊಂಡದ್ದರಿಂದಲೇ ಬಾವುಟ ಎಲ್ಲರಿಗೂ ಸೇರುವುದು ಸಾಧ್ಯವಾಯಿತು.

1973ರ ನವೆಂಬರ್ 1ರಂದು ದೇವರಾಜ ಅರಸು ಅವರ ಕಾಲದಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. 1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಊರೂರು ಸುತ್ತಿದಾಗ ಹಳದಿ-ಕೆಂಪು ಬಾವುಟ ಬೆಂಗಳೂರಿನ ಗಡಿ ದಾಟಿ ನಾಡಿನ ಮೂಲೆಮೂಲೆ ಮುಟ್ಟಿತು. ಕಾವೇರಿ, ಬೆಳಗಾವಿ, ಕಾಸರಗೋಡು, ಮಹದಾಯಿ ವಿಚಾರಗಳ ಹೋರಾಟಗಳಲ್ಲೂ ಅದೇ ಮುಂದೆ ನಡೆಯಿತು. ಸರ್ಕಾರ ಕಳಿಸಿದ ಸುತ್ತೋಲೆಯಿಂದ ಅದು ಮಲೆನಾಡಿನ ಊರುಗಳಿಗೆ ಬರಲಿಲ್ಲ. ಕನ್ನಡ ಸಂಘಗಳು, ಆಟೊ ಚಾಲಕರು, ಶಾಲಾ ಮಕ್ಕಳು ಅದನ್ನು ತಂದರು.

ಹಳದಿ ಎಂದರೆ ಅರಿಶಿನ, ಕೆಂಪು ಎಂದರೆ ಕುಂಕುಮ. ಎರಡೂ ಮಂಗಳದ ಗುರುತು. ಇದು ಜನರ ನಡುವೆ ಬೇರೂರಿದ ಅರ್ಥ. ಹಳದಿ ಶಾಂತಿಗೆ, ಕೆಂಪು ಕೆಚ್ಚಿಗೆ ಎಂಬ ಇನ್ನೊಂದು ವಿವರಣೆ ವೇದಿಕೆಗಳಿಂದ ಬಂದದ್ದು. ಮಲೆನಾಡಿನ ಮನೆಗೆ ಬಂದ ಹೆಣ್ಣುಮಕ್ಕಳಿಗೆ ಅರಿಶಿನ-ಕುಂಕುಮ ಕೊಡದೆ ಕಳಿಸುವುದಿಲ್ಲವಾದ್ದರಿಂದ ಮೊದಲನೆಯ ಅರ್ಥಕ್ಕೆ ಇಲ್ಲಿ ವಿವರಣೆಯೇ ಬೇಕಾಗಲಿಲ್ಲ. ಒಂದು ಸಮುದಾಯದ ಮನೆಯಾಚರಣೆಯಿಂದ ಬಂದ ಬಣ್ಣಗಳು ಎಲ್ಲರಿಗೂ ಸಲ್ಲುತ್ತವೆಯೇ ಎಂಬ ಪ್ರಶ್ನೆಯನ್ನೂ ಕೇಳಬೇಕು. ನರಸಿಂಹರಾಜಪುರ ಸೀಮೆಯಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಿವೆ, ಬ್ಯಾರಿ ಮುಸ್ಲಿಮರಿದ್ದಾರೆ, ಜೈನರಿದ್ದಾರೆ, ತುಳು-ಕೊಂಕಣಿ ಮನೆಮಾತಿನವರಿದ್ದಾರೆ. ಇದಕ್ಕೆ ಉತ್ತರ ಕೊಟ್ಟಿರುವುದು ಬಳಕೆ. ಮನೆಯಲ್ಲಿ ಯಾವ ಮಾತೇ ಇರಲಿ, ಆಟೊದ ಮುಂದೆ ಕಟ್ಟುವ ಬಾವುಟ ಒಂದೇ. ಈ ಬಣ್ಣಗಳು ಹುಟ್ಟಿದ ಜಾಗಕ್ಕಿಂತ ದೊಡ್ಡದಾಗಿ ಬೆಳೆದಿವೆ. ಅದಕ್ಕೆ ಕಾರಣ ಯಾರೂ ಯಾರಿಂದಲೂ ಒಪ್ಪಿಗೆ ಕೇಳದೆ ಅವನ್ನು ತಮ್ಮದೆಂದುಕೊಂಡದ್ದು.

ಸರ್ಕಾರದ ಮೇಜಿನ ಮೇಲೆ

ಮಾನ್ಯತೆಯ ಪ್ರಯತ್ನಗಳ ಕಥೆ ಏಳುಬೀಳಿನದು. ಮುಖ್ಯಮಂತ್ರಿಯಾಗುವ ಮುನ್ನ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವನ್ನು, ಅಂದರೆ ಈ ಮೂರು ತಾಲ್ಲೂಕುಗಳನ್ನೂ, ಪ್ರತಿನಿಧಿಸಿದ್ದ ಡಿ.ವಿ. ಸದಾನಂದ ಗೌಡರು 2012ರ ಬಜೆಟ್‌ನಲ್ಲಿ ರಾಜ್ಯೋತ್ಸವದಂದು ಸರ್ಕಾರಿ ಕಟ್ಟಡಗಳ ಮೇಲೆ ಕನ್ನಡ ಬಾವುಟ ಹಾರಿಸುವುದನ್ನು ಕಡ್ಡಾಯ ಮಾಡುವುದಾಗಿ ಹೇಳಿದರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಅದೇ ವರ್ಷ ಸರ್ಕಾರ ಹಿಂದೆ ಸರಿಯಿತು. ಪ್ರತ್ಯೇಕ ಧ್ವಜ ರಾಷ್ಟ್ರಧ್ವಜದ ಹಿರಿಮೆಗೆ ಕುಂದು ತರಬಹುದು ಎಂಬುದು ಅದು ಕೊಟ್ಟ ಕಾರಣ.

ಹಿರಿಯ ಪತ್ರಕರ್ತ ಪಾಟೀಲ ಪುಟ್ಟಪ್ಪ ಮೊದಲಾದವರ ಒತ್ತಾಯ ಮುಂದುವರಿಯಿತು. 2017ರ ಜೂನ್‌ನಲ್ಲಿ ಸಿದ್ದರಾಮಯ್ಯ ಅವರ ಸರ್ಕಾರ ಒಂಬತ್ತು ಮಂದಿಯ ಸಮಿತಿ ರಚಿಸಿತು. ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಸಾಹಿತ್ಯ ಪರಿಷತ್ತು, ಹಂಪಿ ಕನ್ನಡ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಅದರಲ್ಲಿದ್ದರು. ಸಮಿತಿಯ ಶಿಫಾರಸಿನ ಮೇಲೆ 2018ರ ಮಾರ್ಚ್ 8ರಂದು, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಮುಖ್ಯಮಂತ್ರಿಗಳು ಕನ್ನಡ ಸಂಘಟನೆಗಳ ಪ್ರತಿನಿಧಿಗಳ ಎದುರು ನಾಡಧ್ವಜವನ್ನು ಬಿಡುಗಡೆ ಮಾಡಿದರು. ಮೇಲೆ ಹಳದಿ, ನಡುವೆ ಬಿಳಿ, ಕೆಳಗೆ ಕೆಂಪು; ಬಿಳಿಯ ನಡುವೆ ಗಂಡಭೇರುಂಡದ ರಾಜ್ಯ ಲಾಂಛನ. ಪ್ರಸ್ತಾವ ಕೇಂದ್ರಕ್ಕೆ ಹೋಯಿತು. ಸರ್ಕಾರಗಳು ಬದಲಾದವು. 2019ರ ಆಗಸ್ಟ್‌ನಲ್ಲಿ ಚಿಕ್ಕಮಗಳೂರಿನ ಶಾಸಕರೂ ಕನ್ನಡ ಮತ್ತು ಸಂಸ್ಕೃತಿ ಸಚಿವರೂ ಆಗಿದ್ದ ಸಿ.ಟಿ. ರವಿ, ದೇಶಕ್ಕೆ ಧ್ವಜ ಒಂದೇ, ರಾಜ್ಯೋತ್ಸವದಲ್ಲಿ ಹಾರಿಸುವುದು ನಮ್ಮ ಸಾಂಸ್ಕೃತಿಕ ಧ್ವಜ ಎಂಬ ನಿಲುವು ಮುಂದಿಟ್ಟರು. ಕಡ್ಡಾಯದ ಮಾತು ಬಂದದ್ದೂ ಒಂದೇ ಧ್ವಜದ ಮಾತು ಬಂದದ್ದೂ ಒಂದೇ ಪಕ್ಷದಿಂದ, ಒಂದೇ ಜಿಲ್ಲೆಯನ್ನು ಪ್ರತಿನಿಧಿಸಿದವರಿಂದ. ಈ ಪ್ರಶ್ನೆಯನ್ನು ಪಕ್ಷಗಳ ಗೆರೆ ಎಳೆದು ಅರ್ಥಮಾಡಿಕೊಳ್ಳಲು ಆಗುವುದಿಲ್ಲ.

ಕಾನೂನು ಏನು ಹೇಳುತ್ತದೆ? ರಾಜ್ಯಗಳು ಧ್ವಜ ಹೊಂದಬಾರದು ಎಂದು ಸಂವಿಧಾನದ ಯಾವ ವಿಧಿಯೂ ಹೇಳುವುದಿಲ್ಲ, ಹೊಂದಬಹುದು ಎಂದೂ ಹೇಳುವುದಿಲ್ಲ. 2002ರ ಧ್ವಜಸಂಹಿತೆ ತ್ರಿವರ್ಣಕ್ಕಿಂತ ಎತ್ತರದಲ್ಲಾಗಲಿ ಅದಕ್ಕೆ ಸರಿಸಮನಾಗಿ ಪಕ್ಕದಲ್ಲಾಗಲಿ ಬೇರೆ ಬಾವುಟ ಇರಬಾರದು ಎನ್ನುತ್ತದೆ. ಬೇರೆ ಬಾವುಟಗಳೇ ಇರಬಾರದು ಎನ್ನುವುದಿಲ್ಲ. ರಾಜ್ಯ ಧ್ವಜದ ಪರ ವಾದಿಸುವವರು ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪನ್ನು ಆಧಾರವಾಗಿ ಎತ್ತಿಕೊಳ್ಳುತ್ತಾರೆ. 1989ರಲ್ಲಿ ವಜಾಗೊಂಡ ಕರ್ನಾಟಕದ ಮುಖ್ಯಮಂತ್ರಿಯ ಹೆಸರನ್ನೇ ಹೊತ್ತ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಒಕ್ಕೂಟ ವ್ಯವಸ್ಥೆಯನ್ನು ಸಂವಿಧಾನದ ಮೂಲ ಸ್ವರೂಪದ ಭಾಗವೆಂದು ಎತ್ತಿಹಿಡಿಯಿತು.

ಕೇಂದ್ರದ ಹಿಂಜರಿಕೆಗೆ ಬೇರೆ ನೆನಪುಗಳಿವೆ. 1952ರಲ್ಲಿ ನೇಗಿಲಿನ ಗುರುತಿನ ಕೆಂಪು ಧ್ವಜವನ್ನು ಅಂಗೀಕರಿಸಿದ್ದ ಜಮ್ಮು-ಕಾಶ್ಮೀರ ಅದನ್ನು 2019ರಲ್ಲಿ ವಿಶೇಷ ಸ್ಥಾನದೊಂದಿಗೆ ಕಳೆದುಕೊಂಡಿತು. ನಾಗಾ ಮಾತುಕತೆಯಲ್ಲಿ ಪ್ರತ್ಯೇಕ ಧ್ವಜ, ಪ್ರತ್ಯೇಕ ಸಂವಿಧಾನದ ಬೇಡಿಕೆಗಳೇ ದೊಡ್ಡ ತೊಡಕಾದವು. ಕರ್ನಾಟಕದ ಬೇಡಿಕೆ ಆ ಜಾತಿಯದಲ್ಲ. 1970ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಮುಂದಿಟ್ಟ ಪ್ರಸ್ತಾವವನ್ನು ಇದಕ್ಕೆ ಹೋಲಿಸಬಹುದು. ಒಂದು ಮೂಲೆಯಲ್ಲಿ ತ್ರಿವರ್ಣ, ಇನ್ನೊಂದರಲ್ಲಿ ಗೋಪುರದ ರಾಜ್ಯಮುದ್ರೆ ಇದ್ದ ಆ ವಿನ್ಯಾಸವೂ ಒಪ್ಪಿಗೆ ಪಡೆಯಲಿಲ್ಲ.

ಮಾನ್ಯತೆ ಇಲ್ಲದ ಸ್ಥಿತಿಗೆ ಬೆಲೆಯಿದೆ. 2021ರ ಜೂನ್‌ನಲ್ಲಿ ವಿದೇಶಿ ಮಾರಾಟ ಜಾಲತಾಣವೊಂದರಲ್ಲಿ ಹಳದಿ-ಕೆಂಪು ಬಣ್ಣ ಮತ್ತು ರಾಜ್ಯ ಲಾಂಛನವಿದ್ದ ಈಜುಡುಗೆ ಮಾರಾಟಕ್ಕೆ ಬಂದಾಗ ನಾಡು ಸಿಟ್ಟಾಯಿತು. ಅದೇ ಡಿಸೆಂಬರ್‌ನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟವನ್ನು ಸುಟ್ಟಾಗ ಬೆಳಗಾವಿ ಕುದಿಯಿತು, ರಾಜ್ಯ ಬಂದ್‌ಗೆ ಕರೆ ಹೋಯಿತು. 1971ರ ರಾಷ್ಟ್ರೀಯ ಗೌರವ ಕಾಯ್ದೆಯಡಿ ತ್ರಿವರ್ಣ ಸುಡುವುದು ಅಪರಾಧ. ಕನ್ನಡ ಬಾವುಟ ಸುಟ್ಟರೆ ಶಾಂತಿಭಂಗದಂಥ ಬೇರೆ ಕಲಮುಗಳನ್ನು ಹುಡುಕಬೇಕು. ಲಕ್ಷಾಂತರ ಜನರಿಗೆ ನೋವು ತರುವ ಕೃತ್ಯಕ್ಕೆ ಕಾನೂನಿನಲ್ಲಿ ಅದರದೇ ಹೆಸರಿಲ್ಲದಿರುವುದು ಸರಿಯಲ್ಲ.

ಹಿ­ರೇಕೊಡಿಗೆಯ ಹಾಡು, ಸಿಗದ ಬಾವುಟ

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದರು. ಅವರ ಕವಿತೆಯನ್ನು 2004ರಲ್ಲಿ ಸರ್ಕಾರ ನಾಡಗೀತೆಯೆಂದು ಘೋಷಿಸಿತು. ಆ ಕವಿತೆಯಲ್ಲಿ ಕರ್ನಾಟಕ ಭಾರತ ಮಾತೆಯ ಮಗಳು. ರಾಷ್ಟ್ರಗೀತೆ ಇರುವಾಗ ನಾಡಗೀತೆ ಏಕೆ ಎಂದು ಯಾರೂ ಕೋರ್ಟಿಗೆ ಹೋಗಲಿಲ್ಲ. ಶಾಲೆಗಳಲ್ಲಿ ಎರಡನ್ನೂ ಹಾಡುತ್ತಾರೆ. ಒಂದರಿಂದ ಇನ್ನೊಂದು ಕುಗ್ಗಿಲ್ಲ. ಹಾಡಿನಲ್ಲಿ ಒಪ್ಪಿಗೆಯಾದ ತಾಯಿ-ಮಗಳ ಸಂಬಂಧ ಬಟ್ಟೆಯ ಮೇಲೆ ಅಪಾಯವಾಗುತ್ತದೆ ಎನ್ನಲು ಗಟ್ಟಿ ಕಾರಣ ಕಾಣುವುದಿಲ್ಲ.

ನಾಡಗೀತೆಯ ಅನುಭವ ಇನ್ನೊಂದನ್ನೂ ಕಲಿಸುತ್ತದೆ. ಅಧಿಕೃತವಾದದ್ದಕ್ಕೆ ನಿಯಮಗಳು ಬರುತ್ತವೆ. ಪೂರ್ತಿ ಹಾಡಬೇಕೇ, ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಎಂಬ ವಿವಾದಗಳು ವರ್ಷಗಟ್ಟಲೆ ನಡೆದು, 2022ರಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡು ಎಂಬ ಅವಧಿ ಮತ್ತು ಮೈಸೂರು ಅನಂತಸ್ವಾಮಿಯವರ ಧಾಟಿ ಎಂದು ಸರ್ಕಾರಿ ಆದೇಶ ಹೊರಟಿತು. ಬಾವುಟ ಅಧಿಕೃತವಾದರೆ ಅಳತೆ, ಬಣ್ಣದ ಛಾಯೆ, ಬಟ್ಟೆ, ಏರಿಸುವ-ಇಳಿಸುವ ಕ್ರಮ ಎಲ್ಲಕ್ಕೂ ಆದೇಶಗಳು ಬರುತ್ತವೆ. ಕಚೇರಿಯ ಕಂಬಕ್ಕೆ ಅವು ಬೇಕು. ಆಟೊ ಚಾಲಕನಿಗೆ ಅವು ಹೊರೆ.

2018ರ ವಿನ್ಯಾಸದಲ್ಲಿ ಈ ತೊಡಕು ಸ್ಪಷ್ಟವಾಗಿದೆ. ನಡುವಿನ ರಾಜ್ಯ ಲಾಂಛನದಲ್ಲಿ ಗಂಡಭೇರುಂಡದ ಮೇಲೆ ಸಾರನಾಥದ ಸಿಂಹಸ್ತಂಭವಿದೆ. ಸರ್ಕಾರಗಳ ಲಾಂಛನಗಳನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾಯ್ದೆ ತಡೆಯುತ್ತದೆ. ಸಿಂಹಸ್ತಂಭದ ಚಿಹ್ನೆಯನ್ನು ಯಾರು ಬಳಸಬಹುದು ಎಂಬುದಕ್ಕೆ 2005ರ ಕಾಯ್ದೆ ಬಿಗಿ ಮಿತಿ ಹಾಕಿದೆ. ಲಾಂಛನವಿರುವ ಬಾವುಟವೊಂದೇ ನಾಡಧ್ವಜವೆಂದಾದರೆ ಅದನ್ನು ಅಂಗಡಿಯ ಮುಂದೆ, ವಾಹನದ ಮೇಲೆ, ಜಾತ್ರೆಯ ಪೆಂಡಾಲಿನಲ್ಲಿ ಕಟ್ಟುವ ಹಕ್ಕು ಸಾಮಾನ್ಯನಿಗೆ ಉಳಿಯುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ಬಿಳಿಪಟ್ಟಿ ಮತ್ತು ಲಾಂಛನ ಸೇರಿಸಿದ್ದಕ್ಕೆ ಹಳದಿ-ಕೆಂಪೇ ಸಾಕಿತ್ತು ಎಂದು ಹಲವು ಕನ್ನಡಿಗರು ಆಗ ಅಸಮಾಧಾನಪಟ್ಟರು. ಅದನ್ನು ಬರೀ ಹಳೆಯದರ ಮೋಹ ಎನ್ನಲಾಗದು. ತಮ್ಮದಾಗಿದ್ದ ಬಾವುಟ ಕೈತಪ್ಪುತ್ತದೆ ಎಂಬ ಆತಂಕವೂ ಅದರೊಳಗಿತ್ತು.

ಬೇರೆ ನಾಡುಗಳ ದಾರಿ

ಜಗತ್ತಿನ ಒಕ್ಕೂಟ ರಾಷ್ಟ್ರಗಳಲ್ಲಿ ರಾಜ್ಯಧ್ವಜ ಸಾಮಾನ್ಯ ಸಂಗತಿ. ಅಮೆರಿಕದ ಐವತ್ತು ರಾಜ್ಯಗಳಿಗೂ ಧ್ವಜಗಳಿವೆ. ಹಳೆಯ ಧ್ವಜ ನೋವಿನ ಗುರುತು ಎನಿಸಿದಾಗ ಮಿಸಿಸಿಪ್ಪಿ 2020ರಲ್ಲಿ ಮತದಾನ ನಡೆಸಿ ಹೊಸ ವಿನ್ಯಾಸ ಒಪ್ಪಿಕೊಂಡಿತು. ಮಿನೆಸೋಟ ಜನರಿಂದ ವಿನ್ಯಾಸಗಳನ್ನು ಕರೆದು 2024ರಲ್ಲಿ ತನ್ನ ಧ್ವಜ ಬದಲಿಸಿತು. ಸ್ವಿಟ್ಜರ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಲ್ಲೂ ಪ್ರಾಂತಗಳ ಧ್ವಜಗಳು ರಾಷ್ಟ್ರಧ್ವಜದ ಜೊತೆ ಹಾರುತ್ತವೆ.

ಕರ್ನಾಟಕಕ್ಕೆ ಹೆಚ್ಚು ಹೊಂದುವುದು ಜರ್ಮನಿಯ ಕ್ರಮ. ಅಲ್ಲಿನ ನಾರ್ತ್ ರೈನ್-ವೆಸ್ಟ್‌ಫಾಲಿಯ ರಾಜ್ಯದ ಧ್ವಜ ಹಸಿರು-ಬಿಳಿ-ಕೆಂಪು ಪಟ್ಟಿಗಳದು. ಲಾಂಛನವಿಲ್ಲದ ಈ ಧ್ವಜವನ್ನು ಯಾರು ಬೇಕಾದರೂ ಹಾರಿಸಬಹುದು. ಅದೇ ಪಟ್ಟಿಗಳ ಮೇಲೆ ರಾಜ್ಯ ಲಾಂಛನವಿರುವ ಸೇವಾಧ್ವಜ ಸರ್ಕಾರಿ ಕಚೇರಿಗಳಿಗೆ ಮೀಸಲು. ಜರ್ಮನಿಯ ಇತರ ಹಲವು ರಾಜ್ಯಗಳಲ್ಲೂ ಹೀಗೆಯೇ ಎರಡು ರೂಪಗಳಿವೆ.

ಇದನ್ನೇ ಕರ್ನಾಟಕಕ್ಕೆ ಅನ್ವಯಿಸಿದರೆ ಗಂಟಿನ ದೊಡ್ಡ ಭಾಗ ಬಿಚ್ಚಿಕೊಳ್ಳುತ್ತದೆ. ಮ. ರಾಮಮೂರ್ತಿಯವರ ಹಳದಿ-ಕೆಂಪನ್ನು ಜನರ ನಾಡಬಾವುಟವೆಂದು ರಾಜ್ಯ ಶಾಸನಸಭೆ ಹೆಸರಿಸಲಿ. ಅದಕ್ಕೆ ಅವಮಾನದ ವಿರುದ್ಧ ರಕ್ಷಣೆ ಕೊಡಲಿ. ಬಳಕೆಗೆ ಪರವಾನಗಿಯ ಕಟ್ಟು ಬೇಡ. ವಿಧಾನಸೌಧಕ್ಕೆ, ಜಿಲ್ಲಾಧಿಕಾರಿ ಕಚೇರಿಗೆ, ಕೊಪ್ಪದ ತಾಲ್ಲೂಕು ಕಚೇರಿಗೆ ಬೇಕಾದರೆ ಲಾಂಛನವಿರುವ ರೂಪ ಇರಲಿ. ತ್ರಿವರ್ಣ ಮೊದಲು ಏರಿ ಕೊನೆಯಲ್ಲಿ ಇಳಿಯಲಿ, ಎಲ್ಲಕ್ಕಿಂತ ಎತ್ತರದಲ್ಲಿರಲಿ. 1938ರಲ್ಲಿ ಪಟೇಲ್ ಮತ್ತು ಮಿರ್ಜಾ ಒಪ್ಪಿದ್ದಕ್ಕಿಂತ ಈ ಬೇಡಿಕೆ ಹೆಚ್ಚಿನದಲ್ಲ. ಮಸೂದೆಯನ್ನು ಹೀಗೆ ಎರಡು ರೂಪಗಳಲ್ಲಿ ಬರೆದರೆ ಕೇಂದ್ರದ ಮುಂದೆ ಇಡುವ ವಾದವೂ ಬಲವಾಗುತ್ತದೆ. ಅದನ್ನು ಬರೆಯುವ ಕೆಲಸ ಬೆಂಗಳೂರಿನಲ್ಲಿ ಆಗಬೇಕು. ಬರೆಯಿರಿ ಎಂದು ಕೇಳುವ ಕೆಲಸ ಶೃಂಗೇರಿ ಕ್ಷೇತ್ರದ ಈ ಮೂರು ತಾಲ್ಲೂಕುಗಳು ಸೇರಿದಂತೆ ಎಲ್ಲ ಕ್ಷೇತ್ರಗಳ ಮತದಾರರದು.